ಎಡಗೆನ್ನೆಯ ಹಕ್ಕು

ಚಿಂತಾಮಣಿಯ ಕೇಬಲ್ ನಂಜುಂಡಪ್ಪನವರು ಒಂದು ದೊಡ್ಡ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡರು. ಇನ್ನು ಊರಿಗೆಲ್ಲ ಫಾರಿನ್ ಚಾನೆಲ್ಲೆಂದರೆ ಆ ಕಂಪನಿಯವು ಮಾತ್ರ. ಅಲ್ಲಿಗೆ ಶಾಮಣ್ಣನ ಕಟಿಂಗ್ ಶಾಪಿನ ಕಳೆಯೇ ಹೋಯಿತು. ಗಿರಾಕಿಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಕೊರಿಯಾ ಸೀರಿಯಲ್ಲು ಮದುವೆ ಮಂಟಪದವರೆಗೆ ಬಂದು ನಿಂತುಬಿಟ್ಟಿತು. ಮುಂದಿನ ಕಂತುಗಳು ಬೇರೆ ಕಂಪನಿಯ ಪಾಲು, ಅದರ ಚಾನೆಲ್ಲು ಊರಿಗೆ ಬರುವಂತಿಲ್ಲ.

ಶೇವಿಂಗಿಗೆ ಬಂದ ನಂಜುಂಡಪ್ಪನವರನ್ನು ಶಾಮಣ್ಣ ಕೇಳಿಯೇಬಿಟ್ಟ. "ಆ ಹುಡುಗಿ ಮದುವೆ ಏನಾಯ್ತು ಅಂತಾದ್ರೂ ತೋರಿಸಬಾರದಾ ಸಾರ್?"

"ಒಪ್ಪಂದ ಅಂದ್ರೆ ಒಪ್ಪಂದ ಕಣಯ್ಯ. ಮಿಕ್ಕಿದ್ದು ಬೇಕಾದೋರು ಆ ಕಂಪನಿ ಹತ್ರ ಹೋಗ್ಲಿ. ಬೇಗ ಮುಗಿಸು, ನಂಗೆ ಸನ್ಮಾನ ಇದೆ."

ಶಾಮಣ್ಣ ಮುಖಕ್ಕೆಲ್ಲ ನೊರೆ ಹಚ್ಚಿದ. ಬಲಗೆನ್ನೆಯನ್ನು ನುಣ್ಣಗೆ ಬೋಳಿಸಿದ. ಆಮೇಲೆ ಕತ್ತಿ ಒರೆಸಿಟ್ಟು ಕೈ ತೊಳೆದುಕೊಂಡ.

"ಎಡಗಡೆ ಹಂಗೇ ಇದೆಯಲ್ಲೋ?"

"ಅದರ ಹಕ್ಕು ಎದುರಂಗಡಿಯೋರಿಗೆ ಹೋಗಿದೆ ಸಾರ್. ಒಪ್ಪಂದ ಆಗಿದೆ. ಅವರು ಇವತ್ತು ಬಾಗಿಲು ತೆಗೆದಿಲ್ಲ."

"ಇರೋದೊಂದು ಮುಖ. ಅದನ್ನ ಹೆಂಗಯ್ಯ ಪಾಲು ಮಾಡ್ತೀಯ?"

"ಕತೆನೂ ಒಂದೇ ಇತ್ತು ಸಾರ್."

ಬೆಂಚಿನ ಮೇಲಿದ್ದವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ನಂಜುಂಡಪ್ಪನವರು ಒಮ್ಮೆ ಕನ್ನಡಿ ನೋಡಿದರು, ಒಮ್ಮೆ ಬೀದಿ ನೋಡಿದರು. ಫೋನಿಗೆ ನೊರೆ ಮೆತ್ತಿದರೂ ಲೆಕ್ಕಿಸದೆ ಆಫೀಸಿಗೆ ಹೇಳಿದರು. "ಆ ಇನ್ನೊಂದು ಕಂಪನಿ ಚಾನೆಲ್ಲೂ ಬಿಡ್ರಪ್ಪ. ಒಪ್ಪಂದ ಮಾಡ್ಕೊಂಡ ಕಂಪನಿ ಸಾಹೇಬರಿಗೆ ನಾನು ಹೇಳ್ಕೋತೀನಿ."

ಟೀವಿಯಲ್ಲಿ ಮದುವೆ ಮಂಟಪ ಮೂಡಿತು. ಶಾಮಣ್ಣ ಖುಷಿಯಿಂದ ಕತ್ತಿ ಎತ್ತಿಕೊಂಡು ಎಡಗೆನ್ನೆಗೆ ಬಗ್ಗಿದ.

ನಂಜುಂಡಪ್ಪನವರು ಅವನ ಕೈ ಹಿಡಿದರು. "ತಡಿಯೋ, ಅಡ್ಡ ನಿಲ್ಲಬೇಡ. ಹುಡುಗಿ ಒಪ್ತಾಳೋ ಇಲ್ವೋ ನೋಡೋಣ."