ಸೀತಾಳೆಯ ಬೇರು ಮಣ್ಣು ಬಿಟ್ಟು ಹೊರಬಂದದ್ದು

ಲೋಕ ಆಗಿನ್ನೂ ಹೊಸದು. ಬೆಟ್ಟಗಳ ಮೈ ಹಸಿಹಸಿ. ಬೆರಳಿಟ್ಟರೆ ಗುರುತು ಬೀಳುತ್ತಿತ್ತು. ಹೊಳೆಗೆ ಮಾತು ಬರುತ್ತಿತ್ತು, ಗಾಳಿಗೂ ಬರುತ್ತಿತ್ತು. ಗಿಡಗಳಂತೂ ಬೆಳಗಾದರೆ ಸಾಕು, ಹರಟೆಗೆ ಶುರು ಮಾಡುತ್ತಿದ್ದವು.

ಆ ಕಾಲದಲ್ಲಿ ಎಲ್ಲ ಗಿಡಗಳ ಬೇರೂ ಮಣ್ಣಿನೊಳಗೇ ಇರುತ್ತಿತ್ತು. ಈಗ ಆರ್ಕಿಡ್ ಎನ್ನುತ್ತಾರಲ್ಲ, ಆ ಸೀತಾಳೆ ಗಿಡವೂ ಹೊಳೆದಂಡೆಯ ಮಣ್ಣಿನಲ್ಲೇ ನಿಂತಿತ್ತು. ಪ್ರತಿ ವರ್ಷ ಮೊಗ್ಗು ಬಿಡುತ್ತಿತ್ತು. ಪ್ರತಿ ವರ್ಷ ಅರಳುವ ಮೊದಲೇ ಮೊಗ್ಗು ಉದುರುತ್ತಿತ್ತು. ಅದರ ಹೂವು ಹೇಗಿರುತ್ತದೆಂದು ಯಾರೂ ಕಂಡಿರಲಿಲ್ಲ. ಗಿಡಕ್ಕೇ ಗೊತ್ತಿರಲಿಲ್ಲ.

ಒಂದು ವರ್ಷ ಹೊಳೆ ಉಕ್ಕಿತು. ದಂಡೆ ಕುಸಿದು ಸೀತಾಳೆಗಳೆಲ್ಲ ಕೊಚ್ಚಿಹೋದವು. ಒಂದೇ ಒಂದು ಗಿಡ ತೇಲುತ್ತ ಬಂದು, ಜಕ್ಕವ್ವ ಮಣ್ಣು ತೆಗೆಯುವ ಜಾಗದಲ್ಲಿ ಸಿಕ್ಕಿಕೊಂಡಿತು.

ಜಕ್ಕವ್ವ ಮಡಕೆ ಮಾಡುವವಳು. ಕೆಸರಾದ ಗಿಡವನ್ನು ಕೈಗೆತ್ತಿಕೊಂಡಳು. ಎಲೆಗಳ ನಡುವೆ ಒಂದು ಮೊಗ್ಗಿನ ಗೊನೆ ಇತ್ತು, ಎಳೆಮಗುವಿನ ಮುಷ್ಟಿಯ ಹಾಗೆ.

"ಅಯ್ಯೋ, ಲೋಕದಲ್ಲಿ ಉಳಿದಿರುವುದು ನೀನೊಬ್ಬಳೇ ಏನೇ?" ಎಂದಳು. ಗಿಡ ಎಲೆ ಜೋತುಬಿಟ್ಟು ಅವಳ ಅಂಗೈಗೆ ಒರಗಿತು. ಅದಕ್ಕೆ ಅಷ್ಟು ಸುಸ್ತಾಗಿತ್ತು.

ಮನೆಗೆ ತಂದಳು. ಒಳ್ಳೆಯ ಮಡಕೆಯಲ್ಲಿ ಒಳ್ಳೆಯ ಮಣ್ಣು ತುಂಬಿ ನೆಟ್ಟಳು. ಬೆಳಗ್ಗೆ ಒಂದು ಚೊಂಬು ನೀರು, ಸಂಜೆ ಒಂದು ಚೊಂಬು ನೀರು. ಎಲೆ ಹಳದಿಯಾಯಿತು.

"ಅಷ್ಟು ನೀರು ಸುರಿದರೆ ಬೇರು ಕೊಳೆಯದೆ ಇರುತ್ತದಾ?" ಎಂದ ಗಂಡ ದ್ಯಾವಣ್ಣ.

ನೀರು ನಿಲ್ಲಿಸಿದಳು. ಎಲೆ ಸುಕ್ಕಾಯಿತು. ಜಕ್ಕವ್ವ ಗಿಡದ ಪಕ್ಕ ಕೂತು, "ನಿನಗೆ ಏನು ಬೇಕು, ನೀನೇ ಹೇಳಿಬಿಡು ತಾಯಿ" ಎಂದಳು.

ಗಿಡ ಮೆಲ್ಲಗೆ ಹೇಳಿತು. "ಅವ್ವಾ, ನನಗೆ ಬಾಯಾರಿರುವುದು ಕಾಲಿಗಲ್ಲ, ಮೈಗೆ. ದಂಡೆಯಲ್ಲಿದ್ದಾಗ ಹೊಳೆಯ ಉಸಿರು ದಿನಾ ನನ್ನ ತಲೆಯ ಮೇಲೇ ಹಾದುಹೋಗುತ್ತಿತ್ತು. ಹಿಡಿಯೋಣವೆಂದರೆ ನನ್ನ ಬೇರೆಲ್ಲ ಮಣ್ಣಿನ ಕತ್ತಲಲ್ಲಿ."

ಮರುದಿನ ಬೆಳ್ಳಂಬೆಳಗ್ಗೆ ಜಕ್ಕವ್ವ ಹೊಳೆಗೆ ಹೋದಳು. ನೀರಿನ ಮೇಲೆ ಬಿಳಿ ಮಂಜು ಮಲಗಿತ್ತು. ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ.

"ಹೊಳೆತಾಯಿ, ನಿನ್ನ ನೀರು ಬೇಡ. ನಿನ್ನ ಉಸಿರು ಒಂದಿಷ್ಟು ಕೊಡು."

"ಕೊಡುತ್ತೇನೆ ಮಗಳೇ. ಆದರೆ ನಿನ್ನ ಮನೆ ಮೆಟ್ಟಿಲು ಹತ್ತಲು ನನಗೆ ಕಾಲಿಲ್ಲವಲ್ಲ" ಎಂದಿತು ಹೊಳೆ. "ನನ್ನ ಮಡಿಲಲ್ಲಿ ಮಲಗಿರುವ ಈ ಉರುಟು ಕಲ್ಲುಗಳನ್ನು ಒಯ್ಯು. ಅಗಲದ ತಟ್ಟೆಯಲ್ಲಿ ಹರಡಿ ನೀರು ಹಾಕು. ಕಲ್ಲಿನ ತಲೆ ಮುಳುಗಬಾರದು. ಅದರ ಮೇಲೆ ಗಿಡ ಇಡು. ಗಿಡದ ಕಾಲು ನೀರು ಮುಟ್ಟಬಾರದು. ಆ ತಟ್ಟೆಯಿಂದ ನಾನು ಉಸಿರಾಡುತ್ತೇನೆ."

ಜಕ್ಕವ್ವ ಹಾಗೇ ಮಾಡಿದಳು. ತಟ್ಟೆಯಿಂದ ಕಣ್ಣಿಗೆ ಕಾಣದ ತಂಪು ಎದ್ದಿತು. ಎಲೆಯ ಸುಕ್ಕು ಬಿಚ್ಚತೊಡಗಿತು.

ಅಷ್ಟರಲ್ಲಿ ಮೂಡಣ ಗಾಳಿ ಬಂತು. ಒಣ ಗಾಳಿ, ಹಸಿದ ಗಾಳಿ. ಕಿಟಕಿಯಿಂದ ನುಗ್ಗಿ ತಟ್ಟೆಯ ನೀರನ್ನು ಒಂದೇ ಗುಟುಕಿಗೆ ಕುಡಿಯಿತು. ಒಂದು ಮೊಗ್ಗು ಟಪ್ಪೆಂದು ಉದುರಿತು.

ಜಕ್ಕವ್ವ ಕೈಕೆಲಸ ಬಿಟ್ಟೆದ್ದಳು. ಓಡಿ ಕಿಟಕಿ ಮುಚ್ಚಿದಳು, ಬಾಗಿಲು ಮುಚ್ಚಿದಳು, ಸಂದಿಗಳಿಗೆಲ್ಲ ಮಣ್ಣು ಮೆತ್ತಿ, ತಟ್ಟೆಗೆ ಮತ್ತೆ ನೀರು ಹಾಕಿದಳು. ಮೂರು ದಿನ ಕಳೆಯಿತು. ಎಲೆಯ ಮೇಲೆ ಕಪ್ಪು ಚುಕ್ಕೆ ಎದ್ದಿತು.

"ಅವ್ವಾ, ಉಸಿರು ಕಟ್ಟುತ್ತಿದೆ" ಎಂದಿತು ಗಿಡ.

ಬೇರೆ ದಾರಿ ಇರಲಿಲ್ಲ. ಜಕ್ಕವ್ವ ಕಿಟಕಿ ತೆರೆದು ಎದುರಿಗೆ ನಿಂತಳು. "ಗಾಳಿಯಣ್ಣಾ, ಬಾ. ಆದರೆ ಮಗು ಮಲಗಿರುವ ಮನೆಗೆ ಬರುವ ಹಾಗೆ ಬಾ."

ಗಾಳಿ ಹೊರಗೇ ನಿಂತುಬಿಟ್ಟಿತು. "ನನ್ನನ್ನು ಇದುವರೆಗೆ ಯಾರೂ ಒಳಗೆ ಕರೆದಿರಲಿಲ್ಲ, ತಂಗೀ. ಅದಕ್ಕೇ ನುಗ್ಗುತ್ತಿದ್ದೆ. ಮೆಲ್ಲಗೆ ಬರುವುದು ನನಗೆ ಅಭ್ಯಾಸವಿಲ್ಲ. ನೋಡುತ್ತೇನೆ" ಎಂದಿತು. ಮೊದಲ ದಿನ ಪರದೆ ಕಿತ್ತಿತು. ಎರಡನೆಯ ದಿನ ಬೂದಿ ಹಾರಿಸಿತು. ಮೂರನೆಯ ದಿನ ಎಲೆಯ ಅಂಚನ್ನಷ್ಟೇ ಸವರಿ ಹೋಯಿತು. ಕಪ್ಪು ಚುಕ್ಕೆ ಮುಂದೆ ಹರಡಲಿಲ್ಲ.

ಆದರೂ ಮೊಗ್ಗು ಅರಳಲಿಲ್ಲ. ಬೇರು ಇನ್ನೂ ಕತ್ತಲಲ್ಲೇ ಇತ್ತಲ್ಲ!

ಜಕ್ಕವ್ವ ತಿಗುರಿಯ ಮುಂದೆ ಕೂತು ಹೊಸ ಮಡಕೆ ಎತ್ತಿದಳು. ಮಣ್ಣು ಹಸಿಯಿರುವಾಗಲೇ ಸುತ್ತಲೂ ಬೆರಳು ಚುಚ್ಚಿ ತೂತು ಮಾಡಿದಳು.

ದ್ಯಾವಣ್ಣ ನಕ್ಕುಬಿಟ್ಟ. "ಏನಿದು ಜಕ್ಕೂ, ಮಡಕೆಯೋ ಜರಡಿಯೋ?"

"ಇದು ಮನೆ" ಎಂದಳು ಜಕ್ಕವ್ವ. "ಇದಕ್ಕೂ ಕಿಟಕಿ ಬೇಡವೇನು?"

ಸುಟ್ಟ ಮಡಕೆಯಲ್ಲಿ ಇದ್ದಿಲು, ಮರದ ತೊಗಟೆ ಹಾಕಿ, ಗಿಡದ ಮಣ್ಣನ್ನೆಲ್ಲ ತೊಳೆದು ಕೂರಿಸಿ, ತಟ್ಟೆಯ ಕಲ್ಲುಗಳ ಮೇಲೆ ಇಟ್ಟಳು. ಗಿಡ ಹೆದರಿತು. "ಮಣ್ಣು ಬಿಟ್ಟರೆ ನಾನು ಬಿದ್ದುಹೋಗುತ್ತೇನೆ ಅವ್ವಾ."

"ನಾನು ಹಿಡಿದಿದ್ದೇನೆ. ಒಂದೇ ಒಂದು ಬೇರು ಹೊರಗೆ ಚಾಚು."

ಎಷ್ಟೋ ಹೊತ್ತಾದ ಮೇಲೆ ಒಂದು ತೂತಿನಿಂದ ಒಂದು ಬೇರಿನ ತುದಿ ಇಣುಕಿತು. ಆಮೇಲೆ ಇನ್ನೊಂದು. ತಟ್ಟೆಯಿಂದ ಹೊಳೆಯ ಉಸಿರು ಮೇಲೆದ್ದಿತು. ಗಾಳಿ ಅದನ್ನು ಬೇರಿನ ಸುತ್ತ ಮೆಲ್ಲಗೆ ಸುತ್ತಿತು, ಚಳಿಯಾದವರಿಗೆ ಶಾಲು ಹೊದಿಸಿದ ಹಾಗೆ. ಮಂಜಿನ ಶಾಲು ಬೇರಿಗೆ ಅಂಟಿಕೊಂಡೇ ಬಿಟ್ಟಿತು, ಬೆಳ್ಳಗೆ.

ಮರುದಿನ ಬೆಳಗ್ಗೆ ಮನೆ ತುಂಬ ತೆಳು ಪರಿಮಳ. ಜಕ್ಕವ್ವ ಎದ್ದು ನೋಡಿದಳು. ಜಡೆಯಂತೆ ಇಳಿಬಿದ್ದ ಗೊನೆ, ಅದರ ತುಂಬ ಬಿಳಿ ಹೂವು, ಹೂವಿನ ಮೇಲೆ ಗುಲಾಬಿ ಚುಕ್ಕೆ. ದ್ಯಾವಣ್ಣ ಬಾಯಿ ತೆರೆದವನು ಮುಚ್ಚಲೇ ಇಲ್ಲ.

"ನಾನು ಹೀಗಿದ್ದೇನಾ?" ಎಂದು ಕೇಳಿತು ಗಿಡ.

"ಹೌದಮ್ಮ, ಹೀಗೇ ಇದ್ದೀಯ" ಎಂದಳು ಜಕ್ಕವ್ವ. ಅವಳ ಕಣ್ಣು ತುಂಬಿ ಬಂದಿತ್ತು.

ಕಾಯಿ ಬಲಿತು ಒಡೆದಾಗ ಬೀಜವೆಲ್ಲ ಹುಡಿಹುಡಿಯಾಗಿತ್ತು. ಗಾಳಿ ಅದನ್ನು ಉಡಿಯಲ್ಲಿ ಕಟ್ಟಿಕೊಂಡು ಹೋಗಿ, ಹೊಳೆಯ ಮಂಜು ಏರುವ ಮರಗಳ ಕೊಂಬೆಯ ಮೇಲೆ ಬಿತ್ತಿತು. ಅಲ್ಲಿ ಹುಟ್ಟಿದ ಸೀತಾಳೆಗಳು ಕೆಳಗಿಳಿಯಲೇ ಇಲ್ಲ.

ಅದಕ್ಕೇ ಮಗೂ, ನಿಮ್ಮ ಮನೆಯ ಸೀತಾಳೆ ಬೇರನ್ನು ಹೊರಗೆ ಇಳಿಬಿಟ್ಟುಕೊಂಡು ತೂಗುತ್ತದೆ. ನೀನು ನೀರು ಚಿಮುಕಿಸಿದೊಡನೆ ಮಂಜಿನ ಶಾಲು ನೀರು ಕುಡಿದು, ಅದರ ಬಿಳಿ ಬೇರು ನಿನ್ನ ಕಣ್ಣೆದುರೇ ಹಸಿರಾಗುತ್ತದೆ.