ಕಡುನೀಲಿ ಗೋಡೆ ಮತ್ತು ಅತ್ತೆಯ ಮೌನ

ಸುಣ್ಣದ ಬಿಳಿ ಮಾಸಿದ್ದ ನಡುಮನೆಗೆ ಕಡುನೀಲಿ ಬಣ್ಣವೇ ಆಗಬೇಕೆಂದು ವನಜಾಕ್ಷಿ ಹಟ ಹಿಡಿದಳು. ಅತ್ತೆ ಪುಟ್ಟತಾಯಮ್ಮ ಮಾತ್ರ, "ಕೆನೆಬಣ್ಣ ಇರಲಮ್ಮ, ಬೆಳಕಿರುತ್ತೆ" ಎಂದರು.

"ತಿಳಿ ಬಣ್ಣದ ಮೇಲೆ ಒಂದು ಕೈಗುರುತು ಬಿದ್ರೂ ಎದ್ದು ಕಾಣುತ್ತೆ ಅತ್ತೆ. ಗಾಢ ಬಣ್ಣ ಆದ್ರೆ ಕೊಳೆ ಕಾಣಲ್ಲ, ನೋಡೋಕೂ ಗತ್ತು."

ಪುಟ್ಟತಾಯಮ್ಮ ಮತ್ತೆ ವಾದಿಸಲಿಲ್ಲ. ವನಜಾಕ್ಷಿಯ ಗಂಡ ನಂಜುಂಡ ಜಾಣ, ಇಬ್ಬರ ನಡುವೆ ಬಾಯಿ ಹಾಕಲಿಲ್ಲ. ಗೋಡೆ ನೀಲಿಯಾಯಿತು. ನೆಂಟರು, ನೆರೆಯವರು ಬಂದು ಹೊಗಳಿ ಹೋದರು.

ಅತ್ತೆಗೊಂದು ರೂಢಿಯಿತ್ತು. ನಡುಮನೆಯ ಕುರ್ಚಿಯಲ್ಲಿ ಕೂತು ಬತ್ತಿ ಹೊಸೆಯುತ್ತಾ, ಎದುರು ಯಾರು ಸುಳಿದರೂ ಹೆಸರು ಹಿಡಿದು ಮಾತನಾಡಿಸುವುದು. ವನಜಾಕ್ಷಿ ಕೆಲಸದಿಂದ ಬಂದು ಚಪ್ಪಲಿ ಬಿಟ್ಟು ನಡುಮನೆಗೆ ಕಾಲಿಡುವಷ್ಟರಲ್ಲಿ, "ವನಜಾ, ಬಂದ್ಯೇನಮ್ಮ?" ಎನ್ನುತ್ತಿದ್ದರು. ಬಣ್ಣ ಬಳಿದ ಮೇಲೆ ಆ ಮಾತು ನಿಂತುಹೋಯಿತು. ಸೊಸೆ ಎದುರಿಗೇ ಬಂದರೂ ಒಮ್ಮೆ ಕತ್ತೆತ್ತಿ, ಮತ್ತೆ ಬತ್ತಿಯತ್ತ ತಿರುಗುತ್ತಿದ್ದರು.

ತಮ್ಮ ಮಾತು ನಡೆಯಲಿಲ್ಲವೆಂದು ಮುನಿಸು ಎಂದುಕೊಂಡಳು ವನಜಾಕ್ಷಿ. ಅವಳೇನು ಕಡಿಮೆಯೇ? ತಾನೂ ತುಟಿ ಬಿಚ್ಚಲಿಲ್ಲ. ಊಟದ ತಟ್ಟೆ ಇಟ್ಟು ಸುಮ್ಮನೆ ಒಳಗೆ ಹೋಗುತ್ತಿದ್ದಳು. ಗೋಡೆಯೇನೋ ಹೊಳೆಯುತ್ತಿತ್ತು, ಮನೆಗೆ ಬರುವುದೇ ಅವಳಿಗೆ ಬೇಸರವಾಗತೊಡಗಿತು.

ಒಂದು ಭಾನುವಾರ ಮೋಡ ಕವಿದಿತ್ತು. ಒಗೆದ ಬಿಳಿ ಪಂಚೆಯನ್ನು ಒಳಗೆ ತಂದು, ನೀಲಿ ಗೋಡೆಯ ಮುಂದೆ ಹಗ್ಗ ಕಟ್ಟಿ ಹರವಿ, ವನಜಾಕ್ಷಿ ಅತ್ತೆಯ ಕುರ್ಚಿಯ ಕಡೆ ತಿರುಗಿದಳು.

"ವನಜಾ, ನೀನೇನಮ್ಮ?" ಎಂದರು ಅತ್ತೆ.

ವನಜಾಕ್ಷಿ ಹತ್ತಿರ ಬಂದಳು. "ಇಷ್ಟು ದಿನ ಯಾಕತ್ತೆ ಮಾತಾಡಿಸ್ಲಿಲ್ಲ?"

"ಕಣ್ಣು ಮಂಜಾಗಿದೆ ಕಣಮ್ಮ, ಯಾರಿಗೂ ಹೇಳಿರಲಿಲ್ಲ. ಬಿಳೀ ಗೋಡೆ ಮುಂದೆ ಆಕಾರ ನೋಡಿ ಇದು ನೀನು, ಇದು ನಂಜುಂಡ ಅಂತ ಗುರುತು ಹಿಡೀತಿದ್ದೆ. ನೀಲಿ ಮುಂದೆ ಯಾರೂ ಕಾಣಲ್ಲ, ಈಗ ಬಿಳಿ ಪಂಚೆ ಮುಂದೆ ನಿಂತೆ ನೋಡು, ಗೊತ್ತಾಯ್ತು. ತಪ್ಪು ಹೆಸರು ಕರೆದು ನಗೆಪಾಟಲಾಗೋದ್ಯಾಕೆ ಅಂತ ಸುಮ್ಮನಿದ್ದೆ. ನೀನಾದ್ರೂ ಒಂದು ಮಾತಾಡಿದ್ರೆ ದನಿಯಲ್ಲೇ ಗೊತ್ತಾಗ್ತಿತ್ತು."

ವನಜಾಕ್ಷಿಗೆ ತುಂಬ ನಾಚಿಕೆಯಾಯಿತು. ಕೆಲವೇ ದಿನಗಳಲ್ಲಿ ಅತ್ತೆಯ ಎದುರಿನ ಗೋಡೆಗೆ ಕೆನೆಬಣ್ಣ ಬಂತು. ಬೆನ್ನ ಹಿಂದಿನದು ನೀಲಿಯಾಗಿಯೇ ಉಳಿಯಿತು. ಕೆನೆ ಗೋಡೆಯ ಮೇಲೆ ಈಗ ಕೈಗುರುತುಗಳಿವೆ, ಎದ್ದು ಕಾಣುತ್ತವೆ. ಅವಳು ಚಪ್ಪಲಿ ಬಿಟ್ಟು ನಡುಮನೆಗೆ ಕಾಲಿಡುವಷ್ಟರಲ್ಲಿ ಅವಳ ಹೆಸರೂ ಕೇಳಿಸುತ್ತದೆ.

ನೀತಿ: ಗೋಡೆಗೆ ಯಾವ ಬಣ್ಣವೆಂದು ಬಂದು ಹೋಗುವವರಿಗಿಂತ ಮೊದಲು, ದಿನವಿಡೀ ಅದರೆದುರು ಕೂರುವವರನ್ನು ಕೇಳಬೇಕು. ಮನೆಯವರು ಸುಮ್ಮನಾದಾಗ ಕೋಪವೆಂದು ತೀರ್ಮಾನಿಸದೆ, ನಾವೇ ಮೊದಲು ಮಾತನಾಡಿಸಬೇಕು.