ಮೂರನೇ ಸಾಲಿನಲ್ಲಿ ಕೂತವನು

ಕಲ್ಲಿನಾಥ ಒಬ್ಬ ವಿಧವೆಯ ಮಾತನ್ನು ಅರ್ಧಕ್ಕೇ ತುಂಡು ಮಾಡಿದ. ಅವಳಿಗಿದ್ದ ಒಬ್ಬನೇ ಸಾಕ್ಷಿಯನ್ನು ಕಳೆದ. ಅವನು ಕೆಟ್ಟವನಲ್ಲ. ಆದರೂ ಮಾಡಿದ.

ಹೊಳೆಯ ದಂಡೆಯಲ್ಲಿ ಮುಪ್ಪಿನಜ್ಜನ ಆಶ್ರಮ. ಸೋಮವಾರಕ್ಕೊಮ್ಮೆ ಅಲ್ಲಿ ಸಭೆ. ಅನ್ಯಾಯವಾದವರು ಬಂದು ಹೇಳಿಕೊಳ್ಳುತ್ತಾರೆ. ಸಭೆ ನಡೆಸುವ ಶಿಷ್ಯನಿಗೆ ಒಂದೇ ಕೆಲಸ. ಕೂತವರ ಮುಖ ನೋಡುತ್ತಿರಬೇಕು. ಯಾರಾದರೂ ಏಳಲು ಹೊರಟು, ಹೆದರಿ ಮತ್ತೆ ಕೂತರೆ, ಅವರನ್ನು ಹೆಸರು ಹಿಡಿದು ಕರೆಯಬೇಕು.

ಆ ಸೋಮವಾರ ಕಲ್ಲಿನಾಥನ ಸರದಿ. ಅವನು ಸಭೆಯನ್ನು ಫೋನಿನಲ್ಲಿ ಲೈವ್ ಬಿಟ್ಟ. ಊರೂರಿನ ಜನ ನೋಡಿದರೆ ಬಡವರ ಮಾತಿಗೆ ಬಲ ಬರುತ್ತದೆ ಎಂದುಕೊಂಡ.

ಹುಲಿಗೆವ್ವ ಎದ್ದು ನಿಂತಳು. ಅವಳ ಗಂಡ ಯಂಕಪ್ಪ ಬಣ್ಣದ ಕಾರ್ಖಾನೆಯ ಹೊಲಸು ಗುಂಡಿಯಲ್ಲಿ ಸತ್ತಿದ್ದ. ಕುಡಿದು ಬಿದ್ದ ಎಂದು ಕಾರ್ಖಾನೆಯವರು ಹೇಳಿದ್ದರು. ಅವನನ್ನು ಅವರೇ ಗುಂಡಿಗೆ ಇಳಿಸಿದ್ದನ್ನು ಕಂಡವರು ಒಬ್ಬರು ಎದ್ದು ಹೇಳಿದ್ದರೆ ಅವಳಿಗೆ ಸಾಕಿತ್ತು.

ಅವಳು ನಿಧಾನವಾಗಿ ಮಾತಾಡಿದಳು. ನಡುನಡುವೆ ನಿಂತಳು.

ಫೋನಿನಲ್ಲಿ ಕಮೆಂಟುಗಳು ಬಂದವು. ‘ಬೇಗ ಹೇಳಮ್ಮ.’ ‘ಬೋರು.’ ‘ಭಜನೆ ಹಾಕ್ರಿ.’ ನೋಡುವವರ ಸಂಖ್ಯೆ ಇಳಿಯತೊಡಗಿತು.

“ಸಾಕು ಯವ್ವಾ, ಕುಂದ್ರಿನ್ನ,” ಎಂದ ಕಲ್ಲಿನಾಥ. ಭಜನೆಯವರಿಗೆ ಕೈ ಮಾಡಿದ.

ದಮ್ಮಡಿ ಬಾರಿಸಿದರು. ಫೋನಿನ ತುಂಬ ಹೃದಯಗಳು ಹಾರಿದವು. ಹುಲಿಗೆವ್ವ ಮಾತಾಡುವಾಗ ಒಂದೂ ಹಾರಿರಲಿಲ್ಲ.

ಸಭೆ ಮುಗಿಯಿತು. ಜನ ಹೋದರು. ಹಿಂದೆ ಬಾಗಿಲ ಬಳಿ ಕೂತಿದ್ದ ಮುಪ್ಪಿನಜ್ಜ ಕೋಲೂರಿಕೊಂಡು ಬಂದ.

“ಹೆಂಗಾತಪಾ ಸಭಾ?”

“ನಾಲ್ಕು ಸಾವಿರ ಮಂದಿ ನೋಡಿದ್ರು, ಅಜ್ಜಾರ.”

“ಮೂರನೇ ಸಾಲಿನ್ಯಾಗ ಯಾರು ಕುಂತಿದ್ರು?”

ಕಲ್ಲಿನಾಥ ಖಾಲಿಯಾದ ಸಾಲುಗಳ ಕಡೆ ತಿರುಗಿ ನೋಡಿದ.

“ನಿನ್ನ ನಾಲ್ಕು ಸಾವಿರದಾಗ ಒಬ್ಬರನ್ನರ ಕೇಳು.”

“ಅವರಿಗೆ ಹೆಂಗ ಗೊತ್ತಾಗಬೇಕ್ರಿ? ಫೋನು ಆಕಿ ಕಡೆ ತಿರುಗಿತ್ತು.”

“ನೀ ಯಾ ಕಡೆ ತಿರುಗಿದ್ದಿ?”

ಕಲ್ಲಿನಾಥ ಕೈಯಲ್ಲಿದ್ದ ಫೋನಿನ ಕಡೆ ನೋಡಿದ.

“ದ್ಯಾಮಣ್ಣ ಕುಂತಿದ್ದ,” ಎಂದ ಅಜ್ಜ. “ಯಂಕಪ್ಪನ್ನ ಇಳಸೂ ಮುಂದ ಹಗ್ಗ ಹಿಡದಾಂವ. ಎರಡು ಸಲ ಮಂಡಿ ಮ್ಯಾಲೆ ಎದ್ದ. ಎರಡು ಸಲ ಕುಂತ. ಭಜನಿ ಸುರು ಆದ ಕೂಡಲೆ ಹೊಂಟ ಹ್ವಾದ.”

“ನೀವರ ಕರೀಬೇಕಿತ್ತಲ್ರಿ.”

“ಕರದೆ. ದಮ್ಮಡಿ ಬಾರಸಾಕತ್ತಿದ್ರು.”

ಕಲ್ಲಿನಾಥ ತಲೆ ತಗ್ಗಿಸಿದ. ಆದರೂ ಹೇಳಿದ: “ನೋಡೂ ಮಂದಿ ಬ್ಯಾಸತ್ತು ಹೊಂಟಿದ್ರು, ಅಜ್ಜಾರ. ಅವರು ಹ್ವಾದ್ರ ಆಕಿ ಮಾತು ಯಾರು ಕೇಳ್ತಾರ?”

“ಕುಂದ್ರು. ನಿಮ್ಮವ್ವ ಸತ್ತ ದಿನದ್ದು ಹೇಳು. ಎಂದೂ ಪೂರಾ ಹೇಳಿಲ್ಲ ನೀ.”

ಕಲ್ಲಿನಾಥ ಕೂತ. ಅಜ್ಜನೂ ಅವನೆದುರು ಕೂತ. ಕಲ್ಲಿನಾಥ ಶುರು ಮಾಡಿದ. “ಅವ್ವ ನೀರು ಕೇಳಿದ್ಲು. ನಾ ಆಟಕ್ಕ ಹೊಂಟಿದ್ದೆ. ಬಂದು ಕೊಡ್ತೀನಿ ಅಂದೆ...”

ಅಜ್ಜ ಫೋನು ಹಿಡಿದವನಂತೆ ತನ್ನ ಖಾಲಿ ಅಂಗೈ ನೋಡುತ್ತಿದ್ದ. ಹೆಬ್ಬೆರಳಿನಿಂದ ಅದನ್ನು ಮೇಲೆ ಕೆಳಗೆ ಸವರಿದ. ಅಂಗೈ ನೋಡಿಯೇ ನಕ್ಕ.

“ಹೇಳು ಹೇಳು. ಕೇಳಾಕತ್ತೀನಿ,” ಎಂದ. ತಲೆ ಎತ್ತಲಿಲ್ಲ.

ಕಲ್ಲಿನಾಥ ಮಾತು ನಿಲ್ಲಿಸಿದ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಗುರು ಕೂತಿದ್ದ. ಆದರೂ ಅಷ್ಟು ದೊಡ್ಡ ಸಭಾಂಗಣದಲ್ಲಿ ತಾನೊಬ್ಬನೇ ಇದ್ದೇನೆ ಅನ್ನಿಸಿತು ಅವನಿಗೆ.

“ಹನ್ನೊಂದು ವರ್ಷ ಆತ್ರಿ,” ಎಂದ. “ಇದನ್ನ ಯಾರ ಮುಂದೂ ಹೇಳಿದ್ದಿಲ್ಲ.”

“ಹುಲಿಗೆವ್ವನೂ ಹೇಳಿದ್ದಿಲ್ಲ.”

ಕಲ್ಲಿನಾಥ ಎದ್ದು ನಿಂತ.

“ದ್ಯಾಮಣ್ಣನ ಮನೀಗೆ ಹೋಗಿ ಕಾಲು ಹಿಡೀತೀನಿ, ಅಜ್ಜಾರ. ಬರ್ತಾನಲ್ರಿ?”

“ಯಾರಿಗೆ ಗೊತ್ತು. ಅವಗ ಇವತ್ತು ಧೈರ್ಯ ಬಂದಿತ್ತು.”

“ಹಂಗಾರ ನಾ ಏನು ಮಾಡ್ಲಿ?”

ಅಜ್ಜ ಈಗ ಅವನ ಮುಖ ನೋಡಿದ.

“ಹುಲಿಗೆವ್ವ ಇನ್ನೂ ಹೊಳಿ ಮೆಟ್ಟಲ ಮ್ಯಾಲೆ ಒಬ್ಬಾಕಿನ ಕುಂತಾಳ. ಫೋನು ಇಲ್ಲೇ ಇಡು. ಹೋಗಿ ಆಕಿ ಎದುರು ಕುಂದ್ರು. ಆಕಿ ಮುಗಸೂತನಕ ಏಳಬ್ಯಾಡ.”